ಒಂದೇ ಒಂದು ‘1’

ನನಗೊಂದು ಚಟ ಇದೆ, ಹೇಳಿಕೊಳ್ಳೋಕೆ ಸ್ವಲ್ಪ ನಾಚಿಕೆ. ರಾತ್ರಿ ನಿದ್ದೆ ಬರದಿದ್ದರೆ ಯಾವುದಾದರೂ ಫುಟ್‌ಬಾಲ್ ಕ್ಲಬ್ಬಿನ ವರ್ಷವಾರು ಪಟ್ಟಿ ತೆಗೆದು ಓದುತ್ತೇನೆ. ಮ್ಯಾಚಿನ ವಿಡಿಯೋ ಅಲ್ಲ, ಬರೀ ಪಟ್ಟಿ. ಯಾವ ಸೀಸನ್, ಯಾವ ಡಿವಿಷನ್, ಎಷ್ಟು ಗೆಲುವು, ಎಷ್ಟು ಡ್ರಾ, ಎಷ್ಟು ಸೋಲು, ಕೊನೆಗೆ ಎಷ್ಟನೇ ಸ್ಥಾನ. ‘ಅದೇನು ರೈಲ್ವೆ ಟೈಮ್‌ಟೇಬಲ್ ಓದ್ತಾ ಕೂತಿದೀರಾ?’ ಅಂತ ಮನೆಯಲ್ಲಿ ಕೇಳಿಯೂ ಆಗಿದೆ. ಹೆಚ್ಚುಕಮ್ಮಿ ಹಾಗೇ. ಗಾಡಿ ಎಲ್ಲಿ ನಿಂತಿತು, ಎಲ್ಲಿ ತಡವಾಯಿತು, ಎಲ್ಲಿ ಹಳಿ ತಪ್ಪಿತು, ಎಲ್ಲಾ ಅದರಲ್ಲೇ ಇರುತ್ತದೆ.

ದೊಡ್ಡ ಕ್ಲಬ್ಬುಗಳ ಪಟ್ಟಿ ಬೋರು. ಯುವೆಂಟಸ್‌ದು ತೆಗೆದರೆ ಎಲ್ಲಿ ಬೆರಳಿಟ್ಟರೂ 1, ಇಲ್ಲಾ 2. ಕ್ಲಾಸಿನಲ್ಲಿ ಯಾವಾಗಲೂ ಫಸ್ಟ್ ಬರುವ ಹುಡುಗನ ಮಾರ್ಕ್ಸ್ ಕಾರ್ಡ್ ಇದ್ದ ಹಾಗೆ. ನನಗೆ ಇಷ್ಟ ಆಗೋದು ಹೆಲ್ಲಾಸ್ ವೆರೋನಾದ ಪಟ್ಟಿ. ಇಟಲಿಯ ಉತ್ತರದಲ್ಲಿ, ಅದೀಜೆ ನದಿ ಸುತ್ತು ಹಾಕಿಕೊಂಡು ಹೋಗುವ ಊರು ವೆರೋನಾ. ಊರ ನಡುವೆ ರೋಮನ್ನರ ಕಾಲದ ಕಲ್ಲಿನ ರಂಗಮಂದಿರ ಇನ್ನೂ ನಿಂತಿದೆ. ಕ್ಲಬ್ ಶುರುವಾಗಿದ್ದು 1903ರಲ್ಲಿ, ಹೈಸ್ಕೂಲ್ ಹುಡುಗರಿಂದ. ಹೆಸರು ಏನಿಡೋದು ಅಂದಾಗ ಅವರ ಗ್ರೀಕ್ ಮೇಷ್ಟ್ರು ‘ಹೆಲ್ಲಾಸ್’ ಅಂದರಂತೆ. ಅಂದರೆ ಗ್ರೀಸ್ ದೇಶ. ಇಟಲಿಯ ಟೀಮಿಗೆ ಗ್ರೀಸ್ ಹೆಸರು! ಮೇಷ್ಟ್ರ ಮಾತು ತೆಗೆದುಹಾಕೋಕೆ ಆಗುತ್ತಾ?

ಇಟಲಿಯ ಲೀಗಿನಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆ ಸೀರಿ ಎ, ಅದರ ಕೆಳಗಿನದು ಸೀರಿ ಬಿ. ಆ ಪಟ್ಟಿ ಸೀರಿ ಎ, ಸೀರಿ ಬಿ, ಮತ್ತೆ ಎ, ಮತ್ತೆ ಬಿ, ಒಮ್ಮೆ ಇನ್ನೂ ಕೆಳಗೆ ಸಿ1, ಹೀಗೆ ಏಣಿಯಾಟ ಆಡುತ್ತದೆ. ಇಷ್ಟುದ್ದದ ಪಟ್ಟಿಯಲ್ಲಿ ಸೀರಿ ಎ ಅಂತ ಬರೆದ ಜಾಗದಲ್ಲಿ ‘1’ ಇರೋದು ಒಂದೇ ಒಂದು ಕಡೆ. 1984–85. ಮೇಲೆ 6, ಕೆಳಗೆ 10. ನಡುವೆ ಸುಮ್ನೆ ಒಂದು ‘1’.

ಆ ‘1’ರ ಬಗ್ಗೆ ಯಾರು ಬರೆದರೂ ‘ಪವಾಡ’ ಅಂತಲೇ ಬರೆಯುತ್ತಾರೆ. ನನಗೆ ಆ ಪದ ಕಂಡರೆ ಮೊದಲಿನಿಂದಲೂ ಸ್ವಲ್ಪ ಸಿಟ್ಟು. ಪವಾಡ ಅಂದುಬಿಟ್ಟರೆ ಯಾರೂ ಏನೂ ಮಾಡಲಿಲ್ಲ, ತಾನಾಗೇ ಆಯಿತು ಅಂದಹಾಗೆ. ಆ ಒಂದು ಸಾಲು ಬಿಟ್ಟು ಅದರ ಮೇಲಿನ ಮೂರು ಸಾಲು ಓದಿ. 1981–82: ಸೀರಿ ಬಿಯಲ್ಲಿ ಮೊದಲ ಸ್ಥಾನ, ಎಗೆ ಬಡ್ತಿ. 1982–83: ಬಂದ ವರ್ಷವೇ 4ನೇ ಸ್ಥಾನ, ಜೊತೆಗೆ ಇಟಾಲಿಯನ್ ಕಪ್ ಫೈನಲ್. 1983–84: 6ನೇ ಸ್ಥಾನ, ಮತ್ತೆ ಕಪ್ ಫೈನಲ್. ಎರಡೂ ಫೈನಲ್ ಸೋತರು, ಮೊದಲನೆಯದು ಯುವೆಂಟಸ್‌ಗೆ, ಎರಡನೆಯದು ರೋಮಾಗೆ. ಆಗ ಫೈನಲ್ ಅಂದರೆ ಎರಡು ಮ್ಯಾಚ್ (ಲೆಗ್), ಎರಡರ ಗೋಲೂ ಸೇರಿಸಿ ಲೆಕ್ಕ. ಯುವೆಂಟಸ್ ಎದುರು ಮೊದಲ ಲೆಗ್ 2–0 ಗೆದ್ದು, ಎರಡನೇ ಲೆಗ್‌ನಲ್ಲಿ ಹೆಚ್ಚುವರಿ ಸಮಯಕ್ಕೆ ಹೋಗಿ 0–3 ಸೋತರು. ಬಾಗಿಲು ತಟ್ಟುತ್ತಲೇ ಇದ್ದವರು ಒಂದು ದಿನ ಒಳಗೆ ಹೋದರೆ ಅದು ಪವಾಡವಾ?

ಈ ನಾಲ್ಕೂ ಸಾಲಿಗೆ ಒಬ್ಬನೇ ಕೋಚ್. ಓಸ್ವಾಲ್ದೊ ಬಾನ್ಯೋಲಿ. ಮಿಲಾನ್‌ನ ಬೋವಿಸಾ ಅನ್ನೋ ಕಾರ್ಖಾನೆ ಕಾರ್ಮಿಕರ ಬಡಾವಣೆಯಲ್ಲಿ ಹುಟ್ಟಿದವರು. ಮಾತು ಕಡಿಮೆ. ಹಳೇ ಫೋಟೋಗಳಲ್ಲಿ ನೋಡಿದರೆ ಸರ್ಕಾರಿ ಶಾಲೆಯ ಗಣಿತದ ಮೇಷ್ಟ್ರ ಥರ ಕಾಣುತ್ತಾರೆ. 1981ರಲ್ಲಿ ಬಂದವರು ಒಂಬತ್ತು ಸೀಸನ್ ಇದ್ದರು, 1990ರವರೆಗೆ. ಇಟಲಿಯಲ್ಲಿ ಕೋಚ್‌ಗಳು ಒಂದು ಚಳಿಗಾಲ ದಾಟೋದೇ ಕಷ್ಟ, ಒಂಬತ್ತು ವರ್ಷ ಅಂದರೆ ಏನು ಲೆಕ್ಕ ನೋಡಿ.

ಅವರ ಟೀಮೂ ಮಜವಾಗಿತ್ತು. ಹೆಚ್ಚಿನವರು ದೊಡ್ಡ ಕ್ಲಬ್ಬುಗಳು ‘ನಮಗೆ ಬೇಡ’ ಅಂದವರು. ಫಾನ್ನಾ, ಗಾಲ್ದೆರೀಸಿ ಯುವೆಂಟಸ್‌ನಿಂದ ಬಂದರು, ದಿ ಜೆನ್ನಾರೊ ಫಿಯೊರೆಂಟಿನಾದಿಂದ. ವೊಲ್ಪಾತಿ ಆಡುತ್ತಲೇ ಮೆಡಿಕಲ್ ಓದುತ್ತಿದ್ದವರು, ಆಮೇಲೆ ಹಲ್ಲಿನ ಡಾಕ್ಟರ್ ಆದರು. ಗೋಲ್‌ಕೀಪರ್ ಗರೆಲ್ಲಾ ಲಾಜಿಯೊದಲ್ಲಿದ್ದಾಗ ಮಾಡಿದ ತಪ್ಪುಗಳಿಗೆ ಜನ ಅವನ ಹೆಸರಲ್ಲೇ ಒಂದು ಪದ ಹುಟ್ಟುಹಾಕಿ ಗೇಲಿ ಮಾಡಿದ್ದರು. ಗರೆಲ್ಲಾ ಚೆಂಡನ್ನು ಕೈಯಲ್ಲಿ ಹಿಡಿಯೋದಕ್ಕಿಂತ ಕಾಲಲ್ಲಿ, ಮೊಣಕಾಲಲ್ಲಿ, ಹೊಟ್ಟೆಯಲ್ಲಿ, ಎಲ್ಲೆಲ್ಲಿ ಸಾಧ್ಯವೋ ಅಲ್ಲಿ ತಡೆಯೋದೇ ಜಾಸ್ತಿ. ನೋಡೋಕೆ ಚಂದ ಇರಲಿಲ್ಲ. ಆದರೆ ಆ ಸೀಸನ್ನಿನ 30 ಮ್ಯಾಚುಗಳಲ್ಲಿ ವೆರೋನಾ ಬಿಟ್ಟುಕೊಟ್ಟ ಗೋಲುಗಳು ಬರೀ 19.

ಹೊರಗಿನವರು ಇಬ್ಬರೇ. ಆಗ ಒಂದು ಟೀಮಿಗೆ ಇಬ್ಬರು ವಿದೇಶಿಗಳಷ್ಟೇ ಅಂತ ನಿಯಮ. ಬೇರೆ ಟೀಮುಗಳು ಯಾರನ್ನು ಇಟ್ಟುಕೊಂಡಿದ್ದವು ನೋಡಿ: ಯುವೆಂಟಸ್‌ಗೆ ಪ್ಲಾಟಿನಿ, ನಾಪೊಲಿಗೆ ಮರಡೋನಾ, ಉದಿನೇಸೆಗೆ ಜೀಕೊ, ಫಿಯೊರೆಂಟಿನಾಗೆ ಸೊಕ್ರಾಟೀಸ್, ಇಂಟರ್‌ಗೆ ರುಮ್ಮೆನಿಗೆ. ವೆರೋನಾ 1984ರ ಬೇಸಿಗೆಯಲ್ಲಿ ತಂದಿದ್ದು ಜರ್ಮನಿಯ ಹಾನ್ಸ್-ಪೀಟರ್ ಬ್ರೀಗೆಲ್, ಡೆನ್ಮಾರ್ಕ್‌ನ ಪ್ರೆಬೆನ್ ಎಲ್ಕೇರ್. ಬ್ರೀಗೆಲ್ ಮೊದಲು ಡೆಕಾಥ್ಲಾನ್ ಮಾಡುತ್ತಿದ್ದ ಅಥ್ಲೀಟ್, ಓಡಿದರೆ ರೋಡ್ ರೋಲರ್ ಬಂದ ಹಾಗೆ. ಎಲ್ಕೇರ್ ಸಿಗರೇಟು ಸೇದುತ್ತಿದ್ದ ಫಾರ್ವರ್ಡ್. ಅದೇ ಜೂನ್‌ನಲ್ಲಿ ಯುರೋ ಕಪ್ ಸೆಮಿಫೈನಲ್‌ನಲ್ಲಿ ಸ್ಪೇನ್ ವಿರುದ್ಧ ನಿರ್ಣಾಯಕ ಪೆನಾಲ್ಟಿಯನ್ನು ಗೋಲಿನ ಮೇಲಿಂದ ಹೊಡೆದು ಬಂದಿದ್ದ.

ಸೀಸನ್ನಿನ ಮೊದಲ ಮ್ಯಾಚ್, 1984ರ ಸೆಪ್ಟೆಂಬರ್ 16. ವೆರೋನಾದ ಬೆಂತೆಗೋದಿ ಸ್ಟೇಡಿಯಂ. ಎದುರಾಳಿ ನಾಪೊಲಿ. ಮರಡೋನಾ ಇಟಲಿಯ ಲೀಗಿನಲ್ಲಿ ಆಡಿದ ಮೊದಲ ಆಟ ಅದು. ಇಡೀ ದೇಶ ಅವನನ್ನು ನೋಡೋಕೆ ಕಾಯುತ್ತಿತ್ತು. ಬ್ರೀಗೆಲ್ ಅವನನ್ನು ಕಾಯುವ ಕೆಲಸ ಮಾಡಿದ್ದಲ್ಲದೆ ತಾನೇ ಒಂದು ಗೋಲನ್ನೂ ಹೊಡೆದ. 3–1, ವೆರೋನಾ ಗೆದ್ದಿತು.

ಆ ದಿನದ ಇನ್ನೊಂದು ವಿಷಯ ಪಟ್ಟಿಯಲ್ಲಿ ಇರೋದಿಲ್ಲ, ಆದರೆ ಹೇಳದೆ ಬಿಟ್ಟರೆ ನಾನು ಸುಳ್ಳು ಹೇಳಿದ ಹಾಗಾಗುತ್ತದೆ. ಗ್ಯಾಲರಿಯಲ್ಲಿ ವೆರೋನಾದವರು ಒಂದು ಬ್ಯಾನರ್ ಹಿಡಿದಿದ್ದರು: ‘ಇಟಲಿಗೆ ಸ್ವಾಗತ’. ಅದು ಅರ್ಜೆಂಟೀನಾದಿಂದ ಬಂದ ಮರಡೋನಾಗೆ ಅಲ್ಲ, ನಾಪೊಲಿಯ ಊರಾದ ದಕ್ಷಿಣದ ನೇಪಲ್ಸ್‌ನಿಂದ ಬಂದ ಜನಕ್ಕೆ. ದಕ್ಷಿಣದವರು ಇಟಲಿಯವರೇ ಅಲ್ಲ ಅನ್ನೋ ಕುಹಕ. ಈ ಚಾಳಿ ವೆರೋನಾದ ಗ್ಯಾಲರಿಗೆ ಆಮೇಲೂ ಹೋಗಲಿಲ್ಲ. ಕಪ್ಪು ಆಟಗಾರರನ್ನು ಹೀಯಾಳಿಸಿದ್ದಕ್ಕೆ ಆ ಕ್ಲಬ್ಬಿಗೆ ಬಿದ್ದ ಶಿಕ್ಷೆಗಳು ಒಂದೆರಡಲ್ಲ. ಇಂಥ ಜನ ಹಿಂದೆ ಇದ್ದರೂ ಆ ಟೀಮನ್ನು ಯಾಕೆ ಇಷ್ಟಪಡ್ತೀಯ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಬಾನ್ಯೋಲಿಯವರ ಟೀಮು ಇಷ್ಟ, ಅಷ್ಟು ಹೇಳಬಲ್ಲೆ.

ಒಂದು ತಿಂಗಳಾದ ಮೇಲೆ, ಅಕ್ಟೋಬರ್ 14ಕ್ಕೆ, ಅದೇ ಮೈದಾನಕ್ಕೆ ಯುವೆಂಟಸ್ ಬಂತು. ಈ ಮ್ಯಾಚಿನ ಒಂದು ಗೋಲನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ವೆರೋನಾ ಆಗಲೇ 1–0 ಮುಂದಿತ್ತು. ಎಲ್ಕೇರ್‌ಗೆ ಎಡಗಡೆ ಚೆಂಡು ಸಿಗುತ್ತದೆ. ಅವನು ಓಡುತ್ತಾನೆ. ಅವನ ಓಟದಲ್ಲಿ ನಯ ನಾಜೂಕು ಏನೂ ಇಲ್ಲ, ಬಸ್ಸು ತಪ್ಪಿಹೋಗುತ್ತಿದೆ ಅನ್ನೋ ಥರ. ಯುವೆಂಟಸ್‌ನ ಡಿಫೆಂಡರ್ ಪಿಯೋಲಿ ಅಡ್ಡ ಬರುತ್ತಾನೆ, ಕಾಲು ಹಾಕುತ್ತಾನೆ, ಎಲ್ಕೇರ್ ಮುಗ್ಗರಿಸುತ್ತಾನೆ, ಬಲಗಾಲಿನ ಬೂಟು ಕಳಚಿ ಹಿಂದೆ ಬೀಳುತ್ತದೆ. ಬೇರೆ ಯಾರೇ ಆಗಿದ್ದರೂ ಬಿದ್ದು ಫೌಲ್ ಕೇಳುತ್ತಿದ್ದರು. ಇವನು ನಿಲ್ಲುವುದೇ ಇಲ್ಲ. ಬರೀ ಕಾಲುಚೀಲದಲ್ಲಿ ಇನ್ನೆರಡು ಹೆಜ್ಜೆ ಓಡಿ, ಆ ಬೂಟಿಲ್ಲದ ಬಲಗಾಲಿನಲ್ಲೇ ಹೊಡೆಯುತ್ತಾನೆ. ಗೋಲು. 2–0.

ಎಡಗಾಲಿನಲ್ಲಿ ಬೂಟು ಇತ್ತಲ್ಲ, ಅದರಲ್ಲಿ ಹೊಡೆಯಬಹುದಿತ್ತು ಅಂತ ನನಗೆ ಪ್ರತಿ ಸಲವೂ ಅನಿಸುತ್ತದೆ. ಅವನಿಗೆ ಬೂಟು ಹೋಗಿದೆ ಅನ್ನೋದೇ ಆ ಕ್ಷಣ ಲೆಕ್ಕಕ್ಕೆ ಬಂದಿರಲಿಕ್ಕಿಲ್ಲ. ಅಂದ ಹಾಗೆ, ಆ ಬೂಟು ಕಳಚಿದ ಸ್ತೆಫಾನೊ ಪಿಯೋಲಿ ಆಗ 18 ವರ್ಷದ ಹುಡುಗ. ಅವರೇ ಮುಂದೆ ಕೋಚ್ ಆಗಿ 2022ರಲ್ಲಿ ಎಸಿ ಮಿಲಾನ್‌ಗೆ ಲೀಗ್ ಗೆಲ್ಲಿಸಿದರು.

ಲೆಕ್ಕ ಹೇಳಿಬಿಡುತ್ತೇನೆ. 30 ಮ್ಯಾಚ್, 15 ಗೆಲುವು, 13 ಡ್ರಾ, 2 ಸೋಲು, 43 ಪಾಯಿಂಟ್. ಎರಡನೇ ಸ್ಥಾನದ ಟೊರಿನೊಗೆ 39. ಆಗ ಗೆದ್ದರೆ ಎರಡೇ ಪಾಯಿಂಟ್, ಮೂರು ಪಾಯಿಂಟಿನ ಪದ್ಧತಿ ಇಟಲಿಗೆ ಬಂದಿದ್ದು 1994ರಲ್ಲಿ. ಗೆದ್ದಿದ್ದು ಅರ್ಧದಷ್ಟು ಮ್ಯಾಚ್ ಮಾತ್ರ, ಆದರೆ ಸೋಲೋದನ್ನೇ ಮರೆತಿದ್ದರು. ಬೋರಿಂಗ್ ಟೀಮು ಅಂದುಕೊಳ್ಳಬೇಡಿ. ಫೆಬ್ರವರಿಯಲ್ಲಿ ಉದಿನೇಗೆ ಹೋಗಿ ಉದಿನೇಸೆ ಎದುರು 3–0 ಮುಂದಿದ್ದು, 3–3 ಮಾಡಿಸಿಕೊಂಡು, ಕೊನೆಗೆ 5–3 ಗೆದ್ದು ಬಂದರು. 1985ರ ಮೇ 12ರಂದು ಬೆರ್ಗಮೊದಲ್ಲಿ ಅತಲಾಂತಾ ಎದುರು 1–1 ಆದಾಗ ಪಟ್ಟ ಗಟ್ಟಿಯಾಯಿತು. ಆ ಸಮ ಮಾಡಿದ ಗೋಲು ಕೂಡ ಎಲ್ಕೇರ್‌ದೇ. ಈ ಸಲ ಬೂಟು ಹಾಕಿಕೊಂಡಿದ್ದ.

ಇಲ್ಲಿ ಒಂದು ತಕರಾರು ಇದೆ, ಅದನ್ನೂ ನೋಡೋಣ. ಇಟಲಿಯಲ್ಲಿ ಯಾವ ಮ್ಯಾಚಿಗೆ ಯಾವ ರೆಫರಿ ಅಂತ ಸಾಮಾನ್ಯವಾಗಿ ಮೇಲೆ ಕೂತವರು ನಿರ್ಧರಿಸುತ್ತಿದ್ದರು. 1984–85ರಲ್ಲಿ ಮಾತ್ರ ಪೂರ್ತಿ ಚೀಟಿ ಎತ್ತಿ ಹಂಚಿದರು. ಮುಂದಿನ ವರ್ಷ ಆ ಪದ್ಧತಿ ಕೈಬಿಟ್ಟರು. ಚೀಟಿ ಎತ್ತಿದ ಒಂದೇ ವರ್ಷ ಸಣ್ಣ ಊರಿನ ಟೀಮು ಗೆದ್ದಿತು. ಇಟಲಿಯವರು ಇದನ್ನು ಹೇಳುವಾಗ ಕಣ್ಣು ಮಿಟುಕಿಸಿ ಸುಮ್ಮನಾಗುತ್ತಾರೆ. ನನಗನಿಸೋದು, ಚೀಟಿ ಗೋಲು ಹೊಡೆಯೋದಿಲ್ಲ. ಆದರೆ ದೊಡ್ಡವರ ಎದುರು ಆಡುವಾಗ ರೆಫರಿ ಯಾರ ಕಡೆ ಅಂತ ತಲೆ ಕೆಡಿಸಿಕೊಳ್ಳದೆ ಆಡೋದಿದೆಯಲ್ಲ, ಅದಕ್ಕೂ ಬೆಲೆ ಇದೆ.

ಇನ್ನೊಂದು ಮಾತು. 1929ರಲ್ಲಿ ಈಗಿನ ರೂಪದ ಲೀಗ್ ಶುರುವಾದ ಮೇಲೆ ಗೆದ್ದ ಕ್ಲಬ್ಬುಗಳ ಊರುಗಳನ್ನೆಲ್ಲ ಬರೆದು ನೋಡಿ. ಟ್ಯೂರಿನ್, ಮಿಲಾನ್, ರೋಮ್, ಬೊಲೊನ್ಯ, ಫ್ಲಾರೆನ್ಸ್, ನೇಪಲ್ಸ್, ಜಿನೋವಾ, ಕಲಿಯಾರಿ. ಎಲ್ಲವೂ ಅವರವರ ಪ್ರಾಂತ್ಯದ ರಾಜಧಾನಿ. ವೆರೋನಾ ಮಾತ್ರ ಅಲ್ಲ, ಅದರ ಪ್ರಾಂತ್ಯದ ರಾಜಧಾನಿ ವೆನಿಸ್.

ಈಗ ಆ ‘1’ರ ಕೆಳಗಿನ ಸಾಲುಗಳಿಗೆ ಬರೋಣ. ನನಗೆ ಇವೇ ಜಾಸ್ತಿ ಇಷ್ಟ, ಯಾಕೋ ಗೊತ್ತಿಲ್ಲ.

1985–86, 10ನೇ ಸ್ಥಾನ. ಗೆದ್ದ ಬೇಸಿಗೆಯಲ್ಲೇ ಮನೆ ಖಾಲಿಯಾಗೋಕೆ ಶುರುವಾಯಿತು. ಫಾನ್ನಾ, ಮರಂಗೊನ್ ಇಂಟರ್‌ಗೆ ಹೋದರು, ಗರೆಲ್ಲಾ ನಾಪೊಲಿಗೆ. ಯುರೋಪಿಯನ್ ಕಪ್‌ನಲ್ಲಿ ಮೊದಲ ಸುತ್ತು ದಾಟಿ ಎರಡನೆಯದರಲ್ಲಿ ಸಿಕ್ಕಿದ್ದು ಮತ್ತದೇ ಯುವೆಂಟಸ್. ಹಿಂದಿನ ಮೇ 29ರಂದು ಬ್ರಸೆಲ್ಸ್‌ನ ಹೈಸೆಲ್ ಸ್ಟೇಡಿಯಂನಲ್ಲಿ 39 ಜನ ಸತ್ತ ಆ ಯುರೋಪಿಯನ್ ಕಪ್ ಫೈನಲ್ ಗೆದ್ದಿದ್ದು ಯುವೆಂಟಸ್. ಆ ದುರಂತದ ಶಿಕ್ಷೆಯಾಗಿ ಟ್ಯೂರಿನ್‌ನ ಮ್ಯಾಚನ್ನು ಪ್ರೇಕ್ಷಕರಿಲ್ಲದೆ ಆಡಿಸಿದರು. ಖಾಲಿ ಸ್ಟೇಡಿಯಂ, ಆಟಗಾರರ ಕೂಗು ಗೋಡೆಗೆ ಬಡಿದು ವಾಪಸ್ ಬರುತ್ತದೆ. ರೆಫರಿಯ ತೀರ್ಮಾನಗಳು ವೆರೋನಾದವರಿಗೆ ಇವತ್ತಿಗೂ ಹೊಟ್ಟೆ ಉರಿಸುತ್ತವೆ. 0–2. ಡ್ರೆಸಿಂಗ್ ರೂಮಿನಲ್ಲಿ ಗಲಾಟೆ ಕೇಳಿ ಬಂದ ಪೊಲೀಸರಿಗೆ ಬಾನ್ಯೋಲಿಯವರು ‘ಕಳ್ಳರು ಬೇಕಿದ್ದರೆ ಪಕ್ಕದ ರೂಮಿಗೆ ಹೋಗಿ’ ಅಂದರು ಅಂತ ಒಂದು ಕಥೆ ಇದೆ. ಮಾತು ಕಡಿಮೆ ಅಂದೆನಲ್ಲ, ಬಂದರೆ ಹೀಗೆ ಬರುತ್ತಿತ್ತು.

ಆಮೇಲೆ 4, 10, 11. ಬ್ರೀಗೆಲ್ ಹೋದ, ಗಾಲ್ದೆರೀಸಿ ಹೋದ, ಕ್ಯಾಪ್ಟನ್ ತ್ರಿಚೆಲ್ಲಾ ಹೋದ, 1988ರಲ್ಲಿ ಎಲ್ಕೇರ್ ಕೂಡ ಊರಿಗೆ ವಾಪಸ್. ಬಾನ್ಯೋಲಿ ಮಾತ್ರ ಅಲ್ಲೇ. 1989–90: ಸೀರಿ ಬಿಗೆ ಹಿಂಬಡ್ತಿ. ಪಟ್ಟ ಗೆದ್ದ ಐದೇ ವರ್ಷಕ್ಕೆ.

ಆದರೆ ಆ ಹಿಂಬಡ್ತಿಯ ಸಾಲಿನೊಳಗೆ ಒಂದು ಭಾನುವಾರ ಅಡಗಿದೆ. 1990ರ ಏಪ್ರಿಲ್ 22. ಲೀಗ್ ಮುಗಿಯೋಕೆ ಎರಡೇ ಮ್ಯಾಚ್ ಬಾಕಿ. ಮಿಲಾನ್ ಮತ್ತು ನಾಪೊಲಿ ಸಮ ಪಾಯಿಂಟ್. ಮಿಲಾನ್ ಅಂದರೆ ಸಾಕಿಯವರ ಆ ಮಿಲಾನ್, ಗುಲ್ಲಿಟ್, ವ್ಯಾನ್ ಬಾಸ್ಟೆನ್, ರೈಕಾರ್ಡ್ ಇದ್ದ ಯುರೋಪಿನ ಚಾಂಪಿಯನ್. ಅವರು ಬಂದಿದ್ದು ಬೆಂತೆಗೋದಿಗೆ, ಮುಳುಗುತ್ತಿರುವ ವೆರೋನಾದ ಎದುರಿಗೆ. ಮಿಲಾನ್ ಮೊದಲು ಗೋಲು ಹೊಡೆಯಿತು. ಆಮೇಲೆ ಎಲ್ಲಾ ಕೆಟ್ಟಿತು. ವೆರೋನಾ ಸಮ ಮಾಡಿತು, ಮಿಲಾನ್‌ನವರು ರೆಫರಿ ಮೇಲೆ ಹರಿಹಾಯ್ದರು, ಒಬ್ಬೊಬ್ಬರಾಗಿ ಹೊರಗೆ ಹೋದರು, ಮೊದಲು ಕೋಚ್ ಸಾಕಿ, ಜೊತೆಗೆ ರೈಕಾರ್ಡ್, ವ್ಯಾನ್ ಬಾಸ್ಟೆನ್, ಕೊಸ್ತಾಕುರ್ತಾ. ಕೊನೇ ಗಳಿಗೆಯಲ್ಲಿ ವೆರೋನಾದ ಪೆಲ್ಲೆಗ್ರೀನಿ ಗೋಲು ಹೊಡೆದ. 2–1. ಅದೇ ಹೊತ್ತಿಗೆ ಬೊಲೊನ್ಯದಲ್ಲಿ ನಾಪೊಲಿ 4–2 ಗೆದ್ದಿತು, ಮುಂದಿನ ವಾರ ಪಟ್ಟ ಹಾಕಿಕೊಂಡಿತು.

ಮಿಲಾನ್‌ಗೆ ಇದು ಎರಡನೇ ಸಲ. 1973ರ ಮೇ 20ರಂದು, ಲೀಗಿನ ಕೊನೇ ದಿನ, ಒಂದು ಪಾಯಿಂಟ್ ಮುಂದಿದ್ದ ಮಿಲಾನ್ ಇದೇ ವೆರೋನಾದಲ್ಲಿ 3–5 ಸೋತು ಪಟ್ಟವನ್ನು ಯುವೆಂಟಸ್‌ಗೆ ಬಿಟ್ಟುಕೊಟ್ಟಿತ್ತು. ಮಿಲಾನ್‌ನವರು ಇವತ್ತಿಗೂ ಈ ಊರನ್ನು ‘ಮೃತ್ಯು ವೆರೋನಾ’ ಅನ್ನೋ ಅರ್ಥದ ಹೆಸರಿನಲ್ಲಿ ಕರೆಯುತ್ತಾರೆ.

ತಮಾಷೆ ನೋಡಿ. 1984ರಲ್ಲಿ ‘ಇಟಲಿಗೆ ಸ್ವಾಗತ’ ಅಂತ ಬ್ಯಾನರ್ ಹಿಡಿದವರ ಟೀಮೇ 1990ರಲ್ಲಿ ನೇಪಲ್ಸ್‌ಗೆ ಪಟ್ಟದ ದಾರಿ ಮಾಡಿಕೊಟ್ಟಿತು, ತಾನು ಕೆಳಗೆ ಹೋಗುವ ಹೊತ್ತಿನಲ್ಲಿ. ಅದಕ್ಕೂ ಮೊದಲು 1987ರಲ್ಲಿ ನಾಪೊಲಿ ತನ್ನ ಮೊದಲ ಲೀಗ್ ಗೆದ್ದಾಗ ಗೋಲಿನಲ್ಲಿ ನಿಂತಿದ್ದವನು ಯಾರು? ಗರೆಲ್ಲಾ. ಕಾಲಲ್ಲಿ ಚೆಂಡು ತಡೆಯುವ ಅದೇ ಗರೆಲ್ಲಾ. ಒಬ್ಬರನ್ನೊಬ್ಬರು ಕಂಡರಾಗದ ಎರಡು ಊರು, ಎರಡಕ್ಕೂ ಮೊದಲ ಪಟ್ಟ ಕಾದುಕೊಟ್ಟಿದ್ದು ಒಬ್ಬನೇ ಗೋಲ್‌ಕೀಪರ್. 2022ರಲ್ಲಿ ಅವರು ತೀರಿಕೊಂಡಾಗ ಎರಡೂ ಕಡೆಯವರು ಅತ್ತರು.

ತೊಂಬತ್ತರ ದಶಕದ ಸಾಲುಗಳನ್ನು ಬೇಗ ದಾಟಿಬಿಡೋಣ, ಮೇಲೆ ಕೆಳಗೆ, ಮೇಲೆ ಕೆಳಗೆ. ನಿಲ್ಲಬೇಕಾದ್ದು 2001–02ರಲ್ಲಿ. ವೆರೋನಾ ಊರಿನಲ್ಲೇ ಕಿಯೇವೊ ಅಂತ ಒಂದು ಸಣ್ಣ ಬಡಾವಣೆ ಇದೆ, ಅದಕ್ಕೂ ಒಂದು ಕ್ಲಬ್. ‘ಕತ್ತೆಗಳು ಹಾರುವ ದಿನ ನಾವು ನಿಮ್ಮ ಜೊತೆ ಸೀರಿ ಎನಲ್ಲಿ ಆಡುತ್ತೇವೆ’ ಅಂತ ಹೆಲ್ಲಾಸ್‌ನವರು ಅವರನ್ನು ಆಡಿಕೊಳ್ಳುತ್ತಿದ್ದರು. ಆ ವರ್ಷ ಕತ್ತೆಗಳು ಹಾರಿದವು. ಮೊದಲ ಬಾರಿ ಸೀರಿ ಎಗೆ ಬಂದ ಕಿಯೇವೊ 5ನೇ ಸ್ಥಾನ. ಕಮೊರಾನೇಸಿ, ಒದ್ದೊ, ಜಿಲಾರ್ದಿನೊ ಮೂವರೂ ಇದ್ದ ಹೆಲ್ಲಾಸ್ ಕೊನೇ ದಿನ ಪಿಯಾಚೆಂಜಾದಲ್ಲಿ ಸೋತು ಹಿಂಬಡ್ತಿ. ಆ ಮೂವರೂ ನಾಲ್ಕು ವರ್ಷದ ನಂತರ ಇಟಲಿಗೆ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು! ಇಂಥವರನ್ನು ಇಟ್ಟುಕೊಂಡೂ ಕೆಳಗೆ ಹೋಗೋದು ಹೇಗೆ ಅಂತ ಹೆಲ್ಲಾಸ್‌ನವರೇ ಹೇಳಿಕೊಡಬೇಕು.

ಅಲ್ಲಿಂದ ಮುಂದೆ ಮೇಲೆ ಬರೋಕೆ ಹನ್ನೊಂದು ವರ್ಷ ಹಿಡಿಯಿತು. 2007ರಲ್ಲಿ ಮೂರನೇ ದರ್ಜೆಗೆ ಬಿದ್ದರು. 2007–08ರಲ್ಲಿ ಅಲ್ಲಿಂದಲೂ ನಾಲ್ಕನೆಯದಕ್ಕೆ ಬೀಳುವವರು ಪ್ರೊ ಪಾತ್ರಿಯಾ ಎದುರಿನ ಪ್ಲೇ-ಔಟ್ (ಯಾರು ಉಳಿಯಬೇಕು ಅಂತ ತೀರ್ಮಾನಿಸುವ ಆಟ) ಗೆದ್ದು ಹೇಗೋ ಬದುಕಿಕೊಂಡರು. ಒಂದು ಕಾಲದ ಚಾಂಪಿಯನ್ನರು ಪುಟ್ಟ ಪುಟ್ಟ ಊರುಗಳ ಮೈದಾನಗಳಲ್ಲಿ ಆಡುತ್ತಿದ್ದಾಗಲೂ ಬೆಂತೆಗೋದಿಗೆ ಸಾವಿರಗಟ್ಟಲೆ ಜನ ಬರುತ್ತಿದ್ದರು. ಮಳೆಯಲ್ಲಿ ಕೂತು ಆ ಆಟ ನೋಡಿದವರಿಗೆ 1985 ಒಂದು ಸಾಲು, ಇದು ನಾಲ್ಕು ಸಾಲು. ಪಟ್ಟಿಯಲ್ಲಿ ಜಾಗ ಹೆಚ್ಚು ತಿಂದಿದ್ದು ಇದೇ.

2013ರಲ್ಲಿ ಮತ್ತೆ ಸೀರಿ ಎ. 2014–15ರಲ್ಲಿ ಲುಕಾ ತೋನಿ 22 ಗೋಲು ಹೊಡೆದು ಇಂಟರ್‌ನ ಇಕಾರ್ದಿ ಜೊತೆ ಲೀಗಿನ ಟಾಪ್ ಸ್ಕೋರರ್ ಆದರು, ಸೀಸನ್ ಮುಗಿಯುವಾಗ ಅವರಿಗೆ 38 ವರ್ಷ. ಮುಂದಿನ ಸೀಸನ್ನಿನ ಸಾಲು: 20ನೇ ಸ್ಥಾನ, ಅಂದರೆ ಕಟ್ಟಕಡೆ. ಮೊದಲ ಗೆಲುವು ಸಿಕ್ಕಿದ್ದೇ 23ನೇ ಮ್ಯಾಚಿನಲ್ಲಿ. ಆದರೂ ಮೇ ತಿಂಗಳಲ್ಲಿ, ಹಿಂಬಡ್ತಿ ಖಾತ್ರಿಯಾದ ಮೇಲೆ, ಆಗಲೇ ಚಾಂಪಿಯನ್ ಆಗಿದ್ದ ಯುವೆಂಟಸ್ ಬಂತು. ತೋನಿ ಆ ಮೈದಾನದಲ್ಲಿ ಆಡಿದ ಕೊನೇ ಆಟ. ಪೆನಾಲ್ಟಿ ಸಿಕ್ಕಿತು. ಎಲ್ಲರೂ ಜೋರಾಗಿ ಹೊಡೆಯುತ್ತಾರೆ ಅಂದುಕೊಂಡರೆ ಅವರು ಚೆಂಡನ್ನು ಮೆಲ್ಲಗೆ ಎತ್ತಿ ಗೋಲಿನ ನಟ್ಟನಡುವೆ ಹಾಕಿದರು, ಕೀಪರ್ ಪಕ್ಕಕ್ಕೆ ಹಾರಿ ಬಿದ್ದಿದ್ದ. 2–1, ವೆರೋನಾ.

2022–23ರಲ್ಲಿ ಸಾಲಾಗಿ ಹತ್ತು ಸೋಲು. ವಿಶ್ವಕಪ್ ಬಿಡುವಿಗೆ ಲೀಗ್ ನಿಂತಾಗ ಖಾತೆಯಲ್ಲಿ 5 ಪಾಯಿಂಟ್. ಮುಗಿಯಿತು ಕಥೆ ಅಂದುಕೊಂಡೆ. ಕೊನೆಗೆ ಸ್ಪೆಜಿಯಾ ಜೊತೆ 31 ಪಾಯಿಂಟಿಗೆ ಸಮ ಆಗಿ, ಆ ವರ್ಷವಷ್ಟೇ ಬಂದಿದ್ದ ಹೊಸ ನಿಯಮದ ಪ್ರಕಾರ ಒಂದೇ ಮ್ಯಾಚಿನ ತೀರ್ಮಾನ. ಜೂನ್ 11, ರೆಜೊ ಎಮಿಲಿಯಾ, 3–1. ಉಳಿದುಕೊಂಡರು. ಕಿಯೇವೊ ಅಷ್ಟು ಹೊತ್ತಿಗೆ ಲೀಗಿನಲ್ಲೇ ಇರಲಿಲ್ಲ. ತೆರಿಗೆ ಬಾಕಿಯ ಕಾರಣಕ್ಕೆ 2021ರಲ್ಲೇ ಹೊರಗೆ ಹಾಕಿದ್ದರು.

ಮೊನ್ನೆ ರಾತ್ರಿ ಈ ಪಟ್ಟಿ ಓದುತ್ತಾ 2024–25ಕ್ಕೆ ಬಂದೆ. 14ನೇ ಸ್ಥಾನ. ನೋಡಿದರೆ ಏನೂ ಇಲ್ಲದ ಸಾಲು. ಮೊದಲ ಮ್ಯಾಚ್ ಯಾವುದು ಅಂತ ಸುಮ್ನೆ ಹುಡುಕಿದೆ. 2024ರ ಆಗಸ್ಟ್ 18, ಬೆಂತೆಗೋದಿ, ಎದುರಾಳಿ ನಾಪೊಲಿ. ಮರಡೋನಾ ಅಲ್ಲಿಗೆ ಬಂದು ಹೆಚ್ಚುಕಮ್ಮಿ ನಲವತ್ತು ವರ್ಷ. ಈ ಸಲ ಎಲ್ಲರೂ ಕಾಯುತ್ತಿದ್ದುದು ನಾಪೊಲಿಯ ಹೊಸ ಕೋಚ್ ಆಂತೋನಿಯೊ ಕಾಂತೆಗಾಗಿ, ನಾಪೊಲಿಯ ಕೋಚ್ ಆಗಿ ಅವರಿಗೂ ಲೀಗಿನಲ್ಲಿ ಅದೇ ಮೊದಲ ಮ್ಯಾಚ್. ವೆರೋನಾ 3–0 ಗೆದ್ದಿತು. ಮೇ ತಿಂಗಳಲ್ಲಿ ಒಂದೇ ಒಂದು ಪಾಯಿಂಟ್ ಅಂತರದಲ್ಲಿ ಲೀಗ್ ಗೆದ್ದಿದ್ದು ನಾಪೊಲಿ.